ಭಾವನ ಓವನ್ ಮತ್ತು ಕಿತ್ತಳೆ ಕೇಕು

...ಹೂಂ, ಚಿಕ್ಕಮ್ಮ ಹೇಳಿದ ಹಾಗೇ ನಿನ್ನ ಅಡುಗೆ ಪುಸ್ತಕದಲ್ಲಿ ಬರಕೋ. ಉಪ್ಪು ಹಾಕಬಾರದು. ಅಜ್ಜನ ಬ್ರೆಡ್ಡಿಗೆ ಉಪ್ಪು ಹಾಕೋ ಹಾಗೇ ಇಲ್ಲ. ಯಾಕೆ ನಗ್ತೀಯ? ನಗೋ ವಿಷಯ ಅಲ್ಲ ಕಣೇ ಇದು. ಒಂದು ಭಾನುವಾರ ನಿಮ್ಮಜ್ಜ ಉಪ್ಪು ಹಾಕೋದು ಮರೆತರು. ಮರೆತೆ ಅಂತ ಒಪ್ಪಿಕೊಳ್ಳೋ ಜನ್ಮ ಅಲ್ಲ ಅವರದು. “ಬೇಕಂತಲೇ ಬಿಟ್ಟೆ, ರಕ್ತದೊತ್ತಡಕ್ಕೆ ಒಳ್ಳೇದು” ಅಂದ್ಬಿಟ್ರು. ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ? ಅವತ್ತಿಂದ ಹತ್ತೊಂಬತ್ತು ವರ್ಷ, ಪ್ರತಿ ಭಾನುವಾರ, ನಾವು ಸಪ್ಪೆ ಬ್ರೆಡ್ಡು ತಿಂದ್ವಿ. ಮನೇಲಿ ಯಾರಿಗೂ ರಕ್ತದೊತ್ತಡ ಇರ್ಲಿಲ್ಲ. ಕೊನೆಗೆ ಅಜ್ಜಿಗೆ ಬಂತು. ಆ ಬ್ರೆಡ್ಡು ನೋಡಿ ನೋಡಿ.

ಬರೆದ್ಯಾ? ಸರಿ. ಆ ಬೆಣ್ಣೆ ಈಚೆ ತಳ್ಳು. ನಾನು ಕಲಸ್ತಾ ಇರ್ತೀನಿ, ನೀನು ಬರೀತಾ ಇರು.

ಮುಂದಿಂದು ಟೈಲರ್ ಮಾವನ ಬಿಸ್ಕತ್ತು. ನನ್ನ ಸೋದರಮಾವ ಕಣೇ, ನೀನು ನೋಡಿಲ್ಲ, ನೀನು ಹುಟ್ಟೋ ಮೊದಲೇ ಹೋದ್ರು. ಅಂಗಡಿ ಮುಚ್ಚಿದ ಮೇಲೆ ಕೈ ಸುಮ್ಮನಿರಲ್ಲ ಅಂತ ಬಿಸ್ಕತ್ತು ಮಾಡೋರು. ಹಿಟ್ಟು ಲಟ್ಟಿಸಿ, ಕುತ್ತಿಗೇಲಿ ನೇತಾಡೋ ಟೇಪ್ ತಗೊಂಡು ಅಳೆಯೋರು. “ಎರಡೂವರೆ ಅಂಗುಲ. ಹೊಲಿಗೆಗೆ ಅರ್ಧ ಅಂಗುಲ ಬಿಟ್ಟಿದೀನಿ.” ಬಿಸ್ಕತ್ತಿಗೆ ಯಾವ ಹೊಲಿಗೆ? ಕೇಳೋ ಧೈರ್ಯ ಯಾರಿಗೂ ಇಲ್ಲ. ಓವನ್ ಒಳಗೆ ಅದು ಅಗಲ ಆಗುತ್ತಲ್ಲ, ಆಗ ತಲೆ ಕೆರಕೊಂಡು, “ಬಟ್ಟೆ ಕುಗ್ಗುತ್ತೆ, ಇದು ಹಿಗ್ಗುತ್ತೆ, ಇದ್ಯಾವ ಮಿಲ್ಲಿನ ಮಾಲೋ” ಅನ್ನೋರು. ಒಂದು ಸಲ ಮರೆತು ಚಾಕ್‌ಪೀಸ್‌ನಲ್ಲಿ ಗೆರೆ ಎಳೆದ್ರು. ನೀಲಿ ಚಾಕ್‌ಪೀಸು. ಅತ್ತೆ ಅಷ್ಟನ್ನೂ ತಿಂದು ಮುಗಿಸಿದ್ರು. ಗಂಡ ಮೊದಲನೇ ಸಲ ಬಣ್ಣ ಹಾಕಿ ಏನೋ ಮಾಡಿದಾನೆ ಅಂತ ಖುಷಿಯಾಗಿ.

ಯಾವಾಗ ಕೊಡ್ತೀಯಾ ಮಾವ ಅಂದ್ರೆ, ಶುಕ್ರವಾರ ಬಾ ಅನ್ನೋರು. ಶುಕ್ರವಾರ ಹೋದ್ರೆ, ಗುಂಡಿ ಹಾಕೋದು ಬಾಕಿ ಇದೆ ಅನ್ನೋರು. ದ್ರಾಕ್ಷಿ ಕಣೇ, ಮೇಲೆ ಒಣದ್ರಾಕ್ಷಿ ಒತ್ತೋದು.

ಏನು? ಕಿತ್ತಳೆ ಕೇಕಾ? ಬರುತ್ತೆ, ಬರುತ್ತೆ, ಅವಸರ ಯಾಕೆ? ನೀನು ಬಂದು ಚಪ್ಪಲಿ ಬಿಡೋಕೆ ಮುಂಚೆಯಿಂದ ಅದನ್ನೇ ಕೇಳ್ತಿದೀಯ. ಇನ್ನೂ ಅಜ್ಜಿಯ ಬನ್ನು ಇದೆ, ನನ್ನ ಶುಂಠಿ ರೊಟ್ಟಿ ಇದೆ... ಅಲ್ಲ, ಅದು ನಿಮ್ಮಮ್ಮನ ಕೇಕು ತಾನೇ? ಅವಳನ್ನ ಕೇಳಬೇಕಪ್ಪ. ನಾನು ಅದನ್ನ ಮಾಡೋದೇ ಇಲ್ಲ. ಮೂವತ್ತೆರಡು ವರ್ಷ ಆಯ್ತು ಮಾಡಿ... ಅಂದ್ರೆ, ಮಾಡಿಲ್ಲ ಅಂದೆ.

ಗೊತ್ತು ಕಣೇ, ನೀನೇ ಕಿತ್ತಳೆ ತಂದಿದೀಯ. ಗೊತ್ತು. ತುರೀತಾ ಇದೀನಲ್ಲ? ಕಾಣ್ತಿಲ್ವಾ? ನಿಮ್ಮಮ್ಮನ ಅಳತೆ ಬರಕೊಂಡು ಬಂದಿದೀಯ, ನನ್ನ ಓವನ್‌ನಲ್ಲಿ ಒಂದು ಸಲ ಬೇಯಿಸಿ ನೋಡಬೇಕು ಅಂತೀಯ. ನೋಡೋಣ. ಅದಕ್ಕೇನಂತೆ.

ಅಲ್ಲಾ, ನಿಮ್ಮಪ್ಪ, ನಮ್ಮ ಭಾವ, ಈ ವರ್ಷ ಓವನ್‌ನಲ್ಲಿ ಏನು ಬಿಚ್ಚಿದ್ರು? ...ಪೂರ್ತಿನಾ? ಅಡುಗೆಮನೆ ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸ್ಕೊಂಡಾ? ಅಯ್ಯೋ ದೇವರೇ! ನೋಡು, ಇದನ್ನೂ ನಿನ್ನ ಪುಸ್ತಕದಲ್ಲಿ ಬರಕೋಬೇಕು ನೀನು. ಊರಿನ ಅಷ್ಟೂ ಬೇಕರಿಯ ಓವನ್ ರಿಪೇರಿ ಮಾಡೋ ಮನುಷ್ಯ, ಸ್ವಂತ ಮನೆ ಓವನ್ ಮಾತ್ರ ಕೈಗೆ ಸಿಗಲ್ಲ! ಮದುವೆಯಾದ ದಿನ ಬಂತು ಅಂದ್ರೆ ನಿಮ್ಮಮ್ಮ ಆ ಕೇಕು ಮಾಡ್ತಾಳೆ. ಅದು ಉಬ್ಬುತ್ತೆ, ಉಬ್ಬುತ್ತೆ, ಇಬ್ಬರೂ ಗಾಜಿಗೆ ಮೂಗು ಒತ್ತಿಕೊಂಡು ನೋಡ್ತಾರೆ... ಪುಸ್ಸ್! ನಡುವೆ ಒಂದು ಗುಂಡಿ. ಬೆಕ್ಕು ಮಲಗಬಹುದು. ನಿಮ್ಮಮ್ಮ ಅದಕ್ಕೆ ಜಾಮ್ ಸುರಿದು ಮುಚ್ಚಿ ತಂದಿಡ್ತಾಳೆ. ಮಾರನೇ ದಿನ ಭಾವ ಸ್ಕ್ರೂಡ್ರೈವರ್ ತಗೊಂಡ್ರು ಅಂತಲೇ ಅರ್ಥ.

ಮೊದಲನೇ ವರ್ಷ ಥರ್ಮೋಸ್ಟಾಟ್ ಬದಲಾಯಿಸಿದ್ರು. ಎರಡನೇ ವರ್ಷ ಬಾಗಿಲಿನ ರಬ್ಬರು. ಆರನೇ ವರ್ಷ ನೆಲವೇ ವಾರೆ ಇದೆ ಅಂತ ಅಡುಗೆಮನೆ ನೆಲ ಅಗೆಸಿದ್ರು, ಎರಡು ತಿಂಗಳು ನೀವೆಲ್ಲ ಹಲಗೆ ಮೇಲೆ ನಡೆದ್ರಿ. ಹನ್ನೊಂದನೇ ವರ್ಷ ಹೊಸ ಓವನ್ ತಂದ್ರು, ಅದರಲ್ಲೂ ಗುಂಡಿ. ಬ್ರೆಡ್ಡು ಹಾಕಿದ್ರೆ ಸರಿಯಾಗಿ ಬರುತ್ತೆ, ಬನ್ನು ಹಾಕಿದ್ರೆ ಬರುತ್ತೆ. “ಇದಕ್ಕೆ ಕೇಕು ಕಂಡ್ರೆ ಆಗಲ್ಲ” ಅಂತ ಓವನ್ ಹತ್ತಿರ ಮಾತಾಡೋಕೆ ಶುರು ಮಾಡಿದ್ರಂತೆ! ಬೇರೆಯವರ ಮದುವೆ ಮನೇಲಿ ನಾನು ಇದನ್ನ ಹೇಳಿದಾಗ ಒಬ್ಬರು ಕುರ್ಚಿಯಿಂದ...

ಯಾಕೆ ನಗ್ತಿಲ್ಲ? ಇದಕ್ಕೆ ನೀನು ಯಾವಾಗಲೂ ನಗ್ತಿದ್ದೆ.

...ಏನು ಕೊಟ್ಟುಬಿಟ್ರು? ಬ್ಯಾಗಾ? ರಿಪೇರಿ ಸಾಮಾನು ಇಡೋ ಆ ಚರ್ಮದ ಬ್ಯಾಗು? ಯಾರಿಗೆ? ...ದೊಡ್ಡ ಬೇಕರಿಯವರು ಕರೆದ್ರೂ ಹೋಗಲಿಲ್ವಾ? ಅವರ ಓವನ್ ಇವರೇ ಅಲ್ವಾ ಮೊದಲಿಂದ ನೋಡ್ತಿದ್ದಿದ್ದು? ...“ಮನೇದೇ ಅರ್ಥ ಆಗಲಿಲ್ಲ, ಹೊರಗಿನವರ ಕೆಲಸಕ್ಕೆ ಯಾವ ಮುಖ ಇಟ್ಕೊಂಡು ಹೋಗಲಿ” ಅಂದ್ರಾ? ಹಾಗಂದ್ರಾ? ...ಊಟ? ...ಓ. ಊಟಾನೂ ಬಿಟ್ಟಿದಾರಾ.

ಹೂಂ.

ವಯಸ್ಸಾಯ್ತಲ್ಲ, ಗಂಡಸರು ಹಾಗೇ... ನಾಲ್ಕು ದಿನ ಮುಖ ಊದಿಸ್ಕೋತಾರೆ, ಆಮೇಲೆ ಸರಿಹೋಗ್ತಾರೆ. ನೀನು ಆ ಮೊಟ್ಟೆ ಒಡಿ. ಎರಡು. ಸರಿ. ಹಿಟ್ಟು ಒಂದು ಬಟ್ಟಲು, ಆಯ್ತು. ಸಕ್ಕರೆ ಮುಕ್ಕಾಲು, ಆಯ್ತು. ಅಲ್ಲ, ನೀನು ಅಂದಿದ್ದು ನನಗೆ ಅರ್ಥ ಆಯ್ತು. ಇಲ್ಲಿ ಚೆನ್ನಾಗಿ ಬಂದ್ರೆ ಓವನ್ದೇ ತಪ್ಪು, ಅಪ್ಪನ ಕೈ ಹೋಗಿದೆ ಅಂತ ಒಪ್ಪಿಕೊಂಡು ಬಿಡೋದು. ಇಲ್ಲೂ ಕುಸಿದ್ರೆ ಅಳತೇದೇ ತಪ್ಪು. ಜಾಣೆ ನೀನು. ಅಪ್ಪನ ಹಾಗೆ, ಒಂದೊಂದೇ ಬಿಚ್ಚಿ ನೋಡೋದು. ಹಿಟ್ಟು ಜರಡಿ ಹಿಡಿದಾಯ್ತು, ಬೇಕಿಂಗ್ ಪೌಡರ್ ಡಬ್ಬಿ ಕೊಡು, ಚಾಕು ಕೊಡು, ಚಮಚದ ತಲೆ ಹೀಗೆ ಸವರಿಬಿಡಬೇಕು, ದಿಬ್ಬ ಇರಬಾರದು... ಆಯ್ತು. ಡಬ್ಬಿ ಮುಚ್ಚಿಡು. ಈಗ ಕಿತ್ತಳೆ ರಸ.

ರಸ ಕೊಡೇ.

ಯಾಕೆ ಬರೆಯೋದು ನಿಲ್ಲಿಸಿದೆ?

ಡಬ್ಬಿ ಯಾಕೆ ಹಾಗೆ ಹಿಡ್ಕೊಂಡು ನಿಂತಿದೀಯ? ಮುಚ್ಚು, ಗಾಳಿ ತಾಗಿದ್ರೆ ಸತ್ವ ಹೋಗುತ್ತೆ... ಏನು, ಪುಸ್ತಕ ಯಾಕೆ ನನ್ನ ಕಡೆ ತಿರುಗಿಸ್ತೀಯ? ಕನ್ನಡಕ ಇಲ್ಲ ನನ್ನ ಹತ್ತಿರ. ...ಕಾಣುತ್ತೆ, ಕಾಣುತ್ತೆ, ಅಷ್ಟು ಹತ್ತಿರ ಹಿಡೀಬೇಡ. ಮೂರು ಚಮಚ. ಹೂಂ, ಮೂರು ಅಂತಿದೆ.

ನಾನು ಒಂದು ಹಾಕಿದೆ.

ಅದು... ನನ್ನ ಚಮಚ ಸ್ವಲ್ಪ ದೊಡ್ಡದು ಕಣೇ. ಅಲ್ವಾ? ಈಗ ಬರೋ ಪೌಡರ್ ಬೇರೆ, ತುಂಬಾ ಜೋರು. ಮೊದಲಿನ ಹಾಗಲ್ಲ. ಆಯ್ತು, ಇನ್ನೆರಡು ಹಾಕ್ತೀನಿ, ತಗೋ, ಏನೀಗ... ಹಾಕಿದ್ರಾಯ್ತು...

ಹಾಕೋಕೆ ಕೈ ಬರ್ತಿಲ್ಲ.

ಹಾಗೆ ನೋಡಬೇಡ. ಥೇಟ್ ನಿಮ್ಮಮ್ಮ ನೋಡಿದ ಹಾಗೆ ನೋಡ್ತೀಯ.

ಸರಿ. ಕೂತ್ಕೋ. ನಾನು ನಿಂತೇ ಇರ್ತೀನಿ.

ನಿಮ್ಮಪ್ಪ ಮೊದಲನೇ ಸಲ ನಮ್ಮ ಮನೆಗೆ ಓವನ್ ರಿಪೇರಿಗೆ ಬಂದಿದ್ದು, ಆ ಕಥೆ ನಿನಗೆ ಬಾಯಿಪಾಠ. ರಿಪೇರಿ ಆದ ಮೇಲೆ, ಏನಾದ್ರೂ ಬೇಯಿಸಿ ನೋಡಿ ಅಂದ್ರು. ಮನೇಲಿ ಕಿತ್ತಳೆ ಇತ್ತು. ಕೇಕು ಆಯ್ತು. ಮೂರು ತುಂಡು ತಿಂದ್ರು. ಯಾರು ಮಾಡಿದ್ದು ಅಂತ ಕೇಳಿದ್ರು. ಮುಂದಿನ ತಿಂಗಳು ನಿಮ್ಮಮ್ಮನ್ನ ಕೇಳಿಕೊಂಡು ಬಂದ್ರು. ಆ ಕೇಕಿಗೋಸ್ಕರ ಮದುವೆಯಾದೆ ಅಂತ ಸಿಕ್ಕಿದವರಿಗೆಲ್ಲ ಹೇಳ್ತಾರೆ. ಹೌದಾ? ಎಲ್ಲಾ ನಿಜ. ಕೇಕು ಬೇಯೋ ಹೊತ್ತಲ್ಲಿ ನಿಮ್ಮಮ್ಮ ಎಲ್ಲಿದ್ದಳು ಅನ್ನೋದೊಂದು ಬಿಟ್ಟು. ಅವಳು ಮುಂದಿನ ರೂಮಲ್ಲಿ ಪತ್ರಿಕೆ ಓದ್ತಾ ಕೂತಿದ್ದಳು.

ನಾನು ಮಾಡಿದ್ದು. ಹತ್ತೊಂಬತ್ತು ವರ್ಷ ನನಗೆ. ಮೊಣಕೈ ತನಕ ಹಿಟ್ಟು. ಯಾರು ಮಾಡಿದ್ದು ಅಂದಾಗ ನಾನು ಬಾಯಿ ತೆರೆದೆ, “ನಾ...” ಅಂದೂ ಆಗಿತ್ತು. ಅಷ್ಟರಲ್ಲಿ ಅಜ್ಜಿ ಅಂದ್ರು, “ನಮ್ಮ ದೊಡ್ಡ ಮಗಳು.” ಅಕ್ಕನಿಗೆ ಇಪ್ಪತ್ತಾರು ದಾಟಿತ್ತು, ಅಜ್ಜಿಗೆ ಅದೇ ಯೋಚನೆ. ಕೈಯೆಲ್ಲ ಹಿಟ್ಟು ಮೆತ್ಕೊಂಡು ನಿಂತಿರೋಳು ನಾನು, ಒಂದು ಕಣ ಹಿಟ್ಟಿಲ್ಲದೆ ನಿಂತಿರೋಳು ಅವಳು. ಓವನ್ ಒಳಗಿನ ಕೂದಲಷ್ಟು ಬಿರುಕು ಕಂಡುಹಿಡಿಯೋ ಮನುಷ್ಯನಿಗೆ ಅದು ಕಾಣಲಿಲ್ಲ. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ನಾನಲ್ಲ ಅಂತ ಅವಳು ಅನ್ನಬಹುದಿತ್ತು. ಅವಳು ಏನಂದಳು ಗೊತ್ತಾ? “ಇನ್ನೊಂದು ತುಂಡು ಹಾಕಲಾ?”

ಬೇಡ, ಹಾಗೆ ಯೋಚನೆ ಮಾಡಬೇಡ. ನಿಮ್ಮಪ್ಪನ ಮೇಲೆ ನನಗೆ ಯಾವ ಆಸೆಯೂ ಇರ್ಲಿಲ್ಲ. ಟೀ ಕುಡಿಯೋವಾಗ ಅವರು ಮಾಡೋ ಶಬ್ದ ನೀನು ಕೇಳಿದೀಯಲ್ಲ? ನನ್ನ ಕೈಲಿ ಒಂದು ವಾರ ಆಗ್ತಿರ್ಲಿಲ್ಲ. ಅವರನ್ನ ಅವಳೇ ಇಟ್ಕೊಳ್ಳಲಿ. ಕೇಕು ನಂದು ಕಣೇ. ಕೇಕು ನಂದು.

ಮದುವೆಯಾಗಿ ವರ್ಷ ತುಂಬೋ ಹೊತ್ತಿಗೆ ಹಿತ್ತಿಲ ಬಾಗಿಲಿಂದ ಬಂದಳು. “ಅವರು ಆ ಕೇಕು ಕೇಳ್ತಿದಾರೆ, ಅಳತೆ ಬರಕೊಡು” ಅಂದಳು. ಪಕ್ಕದ ಮನೇಲಿ ಒಂದು ಹಿಡಿ ಉಪ್ಪು ಕೇಳ್ತೀವಲ್ಲ, ಹಾಗೆ. ಹಿಂದೆ ಒಂದು ಮಾತಿಲ್ಲ, ಮುಂದೆ ಒಂದು ಮಾತಿಲ್ಲ. ನಾನೂ ಕೂತು ಒಂದು ಚೀಟೀಲಿ ಬರೆದೆ. ಹಿಟ್ಟು, ಸಕ್ಕರೆ, ಬೆಣ್ಣೆ, ಎಲ್ಲಾ ಸರಿಯಾಗೇ ಬರೆದೆ. ಬೇಕಿಂಗ್ ಪೌಡರ್ ಅನ್ನೋ ಜಾಗಕ್ಕೆ ಬಂದಾಗ... ಮೂರು ಅಂತ ಬರೆದೆ. ಕೈ ತಪ್ಪಿತು ಅಂತ ಹೇಳಲ್ಲ. ಕೈ ತಪ್ಪಲಿಲ್ಲ.

ಒಂದು ಸಲ ಕುಸೀಲಿ ಅಂದ್ಕೊಂಡೆ, ಅಷ್ಟೇ. ಓಡಿ ಬರ್ತಾಳೆ, ಯಾಕೆ ಹೀಗಾಯ್ತು ಅಂತಾಳೆ, ಅದು ಯಾರ ಕೇಕು ಅಂತ ಮೊದಲು ನಿನ್ನ ಗಂಡನಿಗೆ ಹೇಳು, ಆಮೇಲೆ ನಾನು ಹೇಳ್ತೀನಿ ಅನ್ನೋಣ ಅಂತ. ಮಾತೆಲ್ಲ ಜೋಡಿಸಿ ಇಟ್ಕೊಂಡಿದ್ದೆ. ಅವಳು ಬರಲೇ ಇಲ್ಲ. ಹೇಗೆ ಬರ್ತಾಳೆ? ತನ್ನ ಕೇಕಿನ ಅಳತೆ ತಂಗೀನ ಕೇಳೋಕೆ ಹೋದ್ರೆ ಗಂಡ ಏನಂದ್ಕೋತಾನೆ? ಅವಳು ಜಾಮ್ ಸುರಿದಳು. ಭಾವ ಸ್ಕ್ರೂಡ್ರೈವರ್ ತಗೊಂಡ್ರು. ನಾನು ಒಬ್ಬರಿಗೆ ಅಂತ ಗುಂಡಿ ತೋಡಿದ್ದು. ಬಿದ್ದವರು ಬೇರೆ.

ಪ್ರತಿ ವರ್ಷವೂ ಹೇಳೋಣ ಅಂದ್ಕೋತಿದ್ದೆ. ಅಷ್ಟರಲ್ಲಿ ಯಾರಾದ್ರೂ ನಗೋರು. ಮುಂದಿನ ವರ್ಷ ಇನ್ನೂ ಜಾಸ್ತಿ ನಗೋರು. ಆ ಕಥೇನ ಎಲ್ಲರಿಗಿಂತ ಚೆನ್ನಾಗಿ ನಾನೇ ಹೇಳ್ತಿದ್ದೆ, ಅಲ್ವಾ? ನೆಲ ಅಗೆದಿದ್ದನ್ನಂತೂ ನಟನೆ ಮಾಡಿ ತೋರಿಸ್ತಿದ್ದೆ. ನೀನು ಚಿಕ್ಕೋಳಿದ್ದಾಗ ಇನ್ನೊಂದ್ಸಲ ಚಿಕ್ಕಮ್ಮ, ಇನ್ನೊಂದ್ಸಲ ಅಂತಿದ್ದೆ.

ಬೈಯಿ ನನ್ನ. ಬೈದ್ರೆ ವಾಸಿ.

...ಫೋನ್ ಯಾಕೆ ನನ್ನ ಕಡೆ ತಳ್ತೀಯ?

ಅಕ್ಕನಿಗಾ? ...ಭಾವನಿಗಾ? ಏನಂತ ಹೇಳ್ಲಿ? ಪೌಡರ್ ವಿಷಯ ಎತ್ತಿದ್ರೆ ಚೀಟಿ ವಿಷಯ ಬರುತ್ತೆ. ಚೀಟಿ ಬಂದ್ರೆ, ಅವಳ ಕೇಕಿನ ಅಳತೆ ನೀನ್ಯಾಕೆ ಬರೆದೆ ಅಂತ ಕೇಳ್ತಾರೆ. ಮೂವತ್ತೊಂದು ವರ್ಷದಿಂದ ಊರಿಗೆಲ್ಲ ಸಾರಿಕೊಂಡು ಬಂದಿದಾರೆ ಆ ಮನುಷ್ಯ. ಈಗ ಹೋಗಿ ಅದೂ ಸುಳ್ಳು ಅಂತ... ನಿಮ್ಮಮ್ಮ ನಾಳೆ ಅವರ ಎದುರು ಹೇಗೆ ತಟ್ಟೆ ಇಡ್ತಾಳೆ?

ಯೋಚನೆ ಮಾಡೋಕೆ ಬಿಡು ಸ್ವಲ್ಪ. ತಳ್ಳಬೇಡ.

...ಅವಳು ಹೇಳಿದ್ದನ್ನ ನಾನು ಬರಕೊಟ್ಟೆ ಅನ್ನಬಹುದು. ಅವಳ ಅಕ್ಷರ ಕೋಳಿ ಕೆದಕಿದ ಹಾಗೆ, ಅದು ಎಲ್ಲರಿಗೂ ಗೊತ್ತು. ಅವಳು ಬಾಯಲ್ಲಿ ಒಂದು ಅಂದಳು, ನಾನು ಮೂರು ಅಂತ ಗೀಚಿದೆ. ಹೊಟ್ಟೆಕಿಚ್ಚಿಗೆ ಗೀಚಿದೆ ಅಂತಲೇ ಹೇಳ್ತೀನಿ. ಅಷ್ಟು ಸಾಕಲ್ವಾ? ಓವನ್ ಸರಿ ಇದೆ ಅಂತ ಗೊತ್ತಾಗುತ್ತೆ. ಕೈ ಸರಿ ಇದೆ ಅಂತ ಗೊತ್ತಾಗುತ್ತೆ. ಬೇಕರಿಯವರ ಹತ್ತಿರ ಹೋಗ್ತಾರೆ. ನನ್ನ ಮುಖ ನೋಡಲ್ಲ ಅಂದ್ರೆ... ನೋಡದೇ ಇರ್ಲಿ.

ನಿನ್ನ ಪುಸ್ತಕದಲ್ಲಿ ಯಾರ ಕೇಕು ಅಂತ ಬರೀತೀಯೋ, ನಾನು ಕೇಳಲ್ಲ.

ಕೊಡು ಇಲ್ಲಿ. ಕೈ ಅಂಟಾಗಿದೆ, ನೀನೇ ಒತ್ತು. ಕಿವಿ ಹತ್ತಿರ ಹಿಡಿ. ...ಹೋಗ್ತಿದೆ.

ಹಲೋ? ಭಾವಾ... ನಾನು. ಇಲ್ಲ, ಏನೂ ಆಗಿಲ್ಲ, ಇಲ್ಲೇ ಇದಾಳೆ ನಿಮ್ಮ ಮಗಳು, ಚೆನ್ನಾಗೇ ಇದಾಳೆ. ಅಲ್ಲ, ಅದೇನು ಟಣ್ ಟಣ್ ಅಂತಿದೆ? ಬ್ಯಾಗು ಕೊಟ್ಟುಬಿಟ್ರೂ ಸ್ಕ್ರೂಡ್ರೈವರ್ ಒಂದು ಉಳಿಸ್ಕೊಂಡಿದೀರಾ? ಮೊದಲು ಅದನ್ನ ಕೆಳಗಿಡಿ. ಇಡಿ ಅಂದೆ. ...ನಿಮ್ಮ ಓವನ್‌ಗೆ ಏನೂ ಆಗಿಲ್ಲ ಭಾವ. ಯಾವತ್ತೂ ಏನೂ ಆಗಿರಲಿಲ್ಲ. ಕೂತ್ಕೊಳ್ಳಿ, ಹೇಳ್ತೀನಿ. ಆ ಕೇಕಿನ ವಿಷಯ.

ಹೂಂ, ಅದೇ ಕಿತ್ತಳೆ ಕೇಕು.

ಅಕ್ಕಂದು. ...ಹೌದು ಭಾವ, ಅಕ್ಕಂದೇ.