ಹೆಸರು ಹಿಡಿದು

೧೯೮೨ರ ಮಾತು. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬರು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಅವರ ಹೆಂಡತಿ ತನ್ನ ಅಕ್ಕನ ಜೊತೆ ಮಾತಾಡುತ್ತಿದ್ದಳು.

“ಡಾಕ್ಟರ್ ಏನಂದ್ರು?”

“ನಿದ್ದ್ಯಾಗ ಉಸಿರು ನಿಲ್ಲಾಕತ್ತದಂತ. ಹೈದರಾಬಾದಿಗೆ ಹೋಗಿ ಗಂಟಲಿಗೆ ತೂತು ಹಾಕಿಸಿ ನಳಿಗಿ ಇಡಸ್ಬೇಕಂತ.”

“ಮತ್ತ ಮಾತಾಡೋದು?”

“ತೂತು ಬೆರಳಿಲೆ ಮುಚ್ಚಿ ಮಾತಾಡಬೇಕಂತ.”

“ಅಲ್ಲಿತನಕ?”

“ಉಸಿರು ನಿಂತಾಗೆಲ್ಲ ಹೆಸರು ಹಿಡಿದು ಕೂಗಿ ಎಬ್ಬಿಸು ಅಂದಾರ.”

“ಗಂಡನ ಹೆಸರು ಹ್ಯಾಂಗ ಹಿಡೀತಿ?”

“ಅದಕ್ಕ ಮೊಣಕೈಲೆ ತಿವೀತೀನಿ.”

ಗೊರಕೆ ನಿಂತಿತು. ಅವಳು ತಿವಿದಳು. ಮತ್ತೆ ತಿವಿದಳು.

“ತುಳಜಾರಾಮ,” ಎಂದಳು, ಇಡೀ ನಿಲ್ದಾಣಕ್ಕೆ ಕೇಳುವಂತೆ.

ಅವರು ಉಸಿರೆಳೆದು ಕಣ್ಣು ಬಿಟ್ಟರು. “ಯಾರು ಕರೆದ್ರು?”

“ಕಂಡಕ್ಟರ್ ಕರೆದ್ರು ನೋಡ್ರಿ,” ಎಂದಳು ಅಕ್ಕ.

ಇನ್ನೂ ಬಾರದ ಬಸ್ಸಿನ ಕಡೆಗೆ ಮೂವರೂ ಎದ್ದು ನಡೆದರು.