ಬಾಣಂತಿ ಮದ್ದು

"ಹಲೋ... ಯಾರು ಮಾತಾಡುವುದು? ನಾರಾವಿಯಿಂದಲಾ? ಸ್ವಲ್ಪ ಜೋರು ಹೇಳಿ, ಕೇಳುವುದಿಲ್ಲ..."

"ಹಾಂ, ಲೋಕನಾಥನಾ. ನಾನು ನರ್ಸ್ ಕಾವೇರಮ್ಮನೇ ಮಾರಾಯ. ಇಬ್ರಾಹಿಮರ ಮರದ ಡಿಪೋದಿಂದ ಟ್ರಂಕ್ ಕಾಲ್ ಮಾಡಿದ್ದಾ? ಹೆಂಡತಿ ಹೇಗಿದ್ದಾಳೆ?..."

ಮೂಡುಬಿದಿರೆಯ ಡಾಕ್ಟರರ ಜಗಲಿಯಲ್ಲಿ ಫೋನು ಹಿಡಿದು ನಿಂತು ಕಾವೇರಮ್ಮ ನಗುತ್ತಲೇ ಕೇಳಿದಳು. ಲೋಕನಾಥನ ತಮ್ಮಂದಿರನ್ನು ಹೆರಿಸಿದ ಕೈ ಅವಳದು. ಇವತ್ತು ಬೆಳಗ್ಗೆ ಅವನ ಹೆಂಡತಿ ಜಲಜಾಕ್ಷಿಯ ಹೆರಿಗೆ ಮಾಡಿಸಿ, ಸುರಿಯುತ್ತಿದ್ದ ರಕ್ತವನ್ನು ಇಂಜೆಕ್ಷನ್ ಚುಚ್ಚಿ ನಿಲ್ಲಿಸಿ ಬಂದಿದ್ದಳು. ಬಸ್ಸು ಹಾರ್ನ್ ಹೊಡೆಯುವಾಗ ಎರ್ಗೊಮೆಟ್ರಿನ್ ಗುಳಿಗೆಯ ಪೊಟ್ಟಣವನ್ನು ಲೋಕನಾಥನ ಕೈಗಿಟ್ಟು, "ಬಾಣಂತಿಗೆ ಮದ್ದು ತಪ್ಪಿಸಬೇಡ" ಎಂದು ಓಡಿದ್ದಳು.

"ಮಲಗಿದ್ದಾಳಾ? ಮಲಗಲಿ ಪಾಪ, ಬಳಲಿದ್ದಾಳೆ. ಮಗು?... ಅಳ್ತದಾ? ಹಾಲು ಬರುವುದಿಲ್ಲ ಅಂತ ಫೋನು ಮಾಡಿದ್ದಾ? ಚೊಚ್ಚಲು ಅಲ್ವಾ, ಬರ್ತದೆ, ಗಾಬರಿ ಮಾಡಬೇಡ..."

"ಮದ್ದು ಕೊಟ್ಟಿದ್ದೀರಲ್ಲ?... ಅಮ್ಮನೇ ಕೊಟ್ಟರಾ? ಒಳ್ಳೇದಾಯ್ತು..."

"ಎಷ್ಟು ಅಂದೆ?... ಲಿಂಬೆಹಣ್ಣಿನಷ್ಟಾ? ಗುಳಿಗೆ ಎಲ್ಲಿಯಾದರೂ ಲಿಂಬೆಯಷ್ಟು ಇರ್ತದಾ? ತಮಾಷೆ ಮಾಡ್ತೀಯಾ?..."

ನಗು ತುಟಿಯಲ್ಲೇ ನಿಂತಿತು. ಆ ಊರಲ್ಲಿ ಬಾಣಂತಿ ಮದ್ದು ಎಂದರೆ ಓಲೆಬೆಲ್ಲ, ತೆಂಗಿನಹಾಲು, ಮೆಂತೆ, ಶುಂಠಿ ಹಾಕಿ ಕಾಸಿದ ಲೇಹ್ಯ. ಬಸುರಿಗೆ ತಿಂಗಳು ತುಂಬುವ ಮೊದಲೇ ಅತ್ತೆಯಂದಿರು ಅದಕ್ಕೆ ಸಾಮಾನು ಕೂಡಿಡುತ್ತಾರೆ. ಕಾವೇರಮ್ಮನೂ ಅದನ್ನೇ ತಿಂದು ಎದ್ದವಳು. ಡಾಕ್ಟರರ ಹತ್ತಿರ ದುಡಿದೂ ದುಡಿದೂ ಅವಳ ಬಾಯಲ್ಲಿ ಮದ್ದು ಎಂದರೆ ಗುಳಿಗೆಯೇ ಆಗಿಹೋಗಿತ್ತು.

"ಲೋಕನಾಥ, ನಾನು ಹೇಳುವುದು ಬೆಲ್ಲದ ಮದ್ದಲ್ಲ. ನಿನ್ನ ಕೈಯಲ್ಲಿ ಗುಳಿಗೆ ಕೊಟ್ಟಿದ್ದೇನಲ್ಲ, ಅದು... ಜ್ವರ ಬಂದರೆ ಕೊಡುವ ಅಂತ ಇಟ್ಟದ್ದಾ? ಜ್ವರಕ್ಕಲ್ಲ ಅದು, ರಕ್ತ ನಿಲ್ಲಲಿಕ್ಕೆ. ಈಗ ರಕ್ತ ಹೋಗ್ತಾ ಉಂಟಾ?..."

"ಚಾಪೆ ಸಹಾ ನೆನೆದಿದೆಯಾ? ಮತ್ತೆ ಯಾಕೆ ಯಾರೂ... ಏನು? ಕೆಟ್ಟ ರಕ್ತ, ಹೋಗಲಿ ಅಂದರಾ ಅಮ್ಮ? ಅಲ್ಲ ಮಾರಾಯ, ಅದು ಕೆಟ್ಟದ್ದಲ್ಲ. ಅವಳ ಜೀವ ಅದು..."

"ನೀನು ಹೊರಡುವಾಗ ಕರೆದರೆ ಓಗೊಟ್ಟಳಾ?... ಇಲ್ವಾ? ಕೈ ಮುಟ್ಟಿ ನೋಡಿದ್ದೀಯಾ?... ತಣ್ಣಗೆ ಇತ್ತಾ..."

"ಕೇಳು, ನಾನು ಇಂಜೆಕ್ಷನ್ ಹಿಡ್ಕೊಂಡು ಡಾಕ್ಟರರ ಕಾರಿನಲ್ಲಿ ಬರ್ತೇನೆ. ನೀನು ಇಬ್ರಾಹಿಮರ ಜೀಪಿನಲ್ಲಿ ಮನೆಗೆ ಹೋಗು. ಎಚ್ಚರ ಇದ್ದರೆ ಗುಳಿಗೆ ನುಂಗಿಸು, ಅಮ್ಮನಿಗೆ ಅವಳ ಕಿಬ್ಬೊಟ್ಟೆ ಒತ್ತಿ ತಿಕ್ಕಲಿಕ್ಕೆ ಹೇಳು. ಗುಳಿಗೆ ಎಲ್ಲಿಟ್ಟಿದ್ದೀ?... ಎಲ್ಲಿ?... ನಿನ್ನ ಅಂಗಿಯ ಕಿಸೆಯಲ್ಲಾ?..."

ಕಾವೇರಮ್ಮ ಗೋಡೆಗೆ ಒರಗಿದಳು. ಬೆಳಗ್ಗಿನಿಂದ ಆ ಪೊಟ್ಟಣ ಅವನ ಎದೆಯ ಮೇಲೇ ಇತ್ತು. ಅದನ್ನು ಇಟ್ಟುಕೊಂಡೇ ಅವನು ಹೆಂಡತಿಯ ಪಕ್ಕ ಕುಳಿತು ಮಗುವನ್ನು ತೂಗಿದ್ದ.

"ಹಲೋ?... ಇಬ್ರಾಹಿಮರಾ? ಹೊರಟನಾ ಅವನು?... ಮತ್ತೆ ಯಾಕೆ ನಿಂತದ್ದು?... ತುಕ್ರಪ್ಪ ಅಂದರೆ ಯಾರು, ಅವರ ಮನೆಯ ಆಳಾ? ಓಡಿಕೊಂಡು ಬಂದದ್ದಾ? ಏನು ಹೇಳ್ತಾನೆ?..."

ಆಚೆಯಿಂದ ಬಂದ ಮಾತು ಚಿಕ್ಕದು. ಕಾವೇರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

"ಯಾವಾಗ ಹೋದಳು?... ಅವನು ಮನೆಯಿಂದ ಹೊರಟ ಕೂಡಲೇನಾ..."

"ಹಾಂ, ಇದ್ದೇನೆ. ಕೇಳ್ತಾ ಉಂಟು. ಲೋಕನಾಥ ಏನು ಮಾಡ್ತಿದ್ದಾನೆ?... ಪೊಟ್ಟಣ ಬಿಚ್ಚಿ ಹಿಡ್ಕೊಂಡಿದ್ದಾನಾ?... ಏನು ಕೇಳು ಅಂತಾನೆ ನನ್ನ ಹತ್ತಿರ?..."

"ಒಂದು ಕೊಡುವುದಾ, ಎರಡು ಕೊಡುವುದಾ ಅಂತಲಾ?..."

"ಇಬ್ರಾಹಿಮರೇ, ಅವನ ಕೈಯಿಂದ ಅದನ್ನು ಮೆಲ್ಲ... ಹಲೋ... ಹಲೋ..."

ಲೈನು ಕಡಿದಿತ್ತು.