ಬಾಯಿ ಅಗಲಿಸು

ಹೆರಿಗೆ ಆಸ್ಪತ್ರೆಯಲ್ಲಿ ಸೊಸೆಯ ಸರತಿಗೆ ಕಾಯುತ್ತಿದ್ದ ದರ್ಜಿಯಮ್ಮನಿಗೆ, ಬೇಡವೆಂದರೂ, ಪಕ್ಕದ ಬೆಂಚಿನ ಗಂಡಹೆಂಡಿರ ಜಗಳ ಕಿವಿಗೆ ಬೀಳುತ್ತಿತ್ತು.

“ಸ್ಕಾನ್ ಅಲ್ಲ ಕಣೇ, ಸ್ಕ್ಯಾನ್. ಬಾಯಿ ಅಗಲಿಸು.”

“ನಮ್ಮಪ್ಪ ಸಾಯೋವರೆಗೂ ಲ್ಯಾಂಪಿಗೆ ಲಾಂಪು ಅಂತಿದ್ರು. ಅದೇನು ಉರೀಲಿಲ್ವಾ?”

“ನಾಳೆ ಮಗೂನೂ ನಿನ್ನ ಹಾಗೇ ಹೇಳುತ್ತೆ ನೋಡು.”

“ಹೇಳ್ಲಿ ಬಿಡ್ರೀ. ಹೋದ ಸಲದ್ದು ಅಳೋಕೂ ಬಾಯಿ ತೆರೀಲಿಲ್ಲ. ಇದು ಹೇಗಾದ್ರೂ ಹೇಳ್ಲಿ, ಹೇಳೋಕೆ ಅಂತ ಬಂದ್ರೆ ಸಾಕು.”

ದರ್ಜಿಯಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ನಿಂತು ಕೈಬೀಸಿದಳು. ಗಂಡ ಬಗ್ಗಿ, ಹೆಂಡತಿಯ ಚಪ್ಪಲಿಗಳನ್ನು ಕಾಲ ಬಳಿ ಸರಿಸಿಟ್ಟು, ಕೈ ಕೊಟ್ಟು ಎಬ್ಬಿಸಿದ.

“ಬಾ,” ಎಂದ ಮೆಲ್ಲಗೆ. “ಸ್ಕಾನಿಗೆ ಕರೀತಿದ್ದಾರೆ.”